ಅಲಾಸ್ಕಾ ಓಟದ ಪುಟ್ಟ ದೋಣಿ: ಮ್ಯಾಪ್‌ನಲ್ಲಿ ಚುಕ್ಕೆ ಹಿಂದಕ್ಕೆ ಹೋಗ್ತಿದೆ, ಇದನ್ನ ಹೇಗೆ ಓದೋದು?

ತದಡಿ_ತೀರ

ರೇಸ್ ಟು ಅಲಾಸ್ಕಾ ನೋಡುವವರು ಇಲ್ಲಿ ಕೆಲವರಾದರೂ ಇದ್ದೀರಿ ಅಂತ ಕೇಳ್ತಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು: ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್‌ನಿಂದ ಅಲಾಸ್ಕಾದ ಕೆಚಿಕನ್‌ವರೆಗೆ 750 ಮೈಲಿ. ದೋಣಿಯಲ್ಲಿ ಎಂಜಿನ್ ಇರಕೂಡದು. ಹಾಯಿ, ಹುಟ್ಟು, ಪೆಡಲ್ ಯಾವುದಾದರೂ ಸರಿ. ಮೊದಲ 40 ಮೈಲಿ ಕೆನಡಾದ ವಿಕ್ಟೋರಿಯಾವರೆಗೆ, ಉಳಿದ 710 ಎರಡನೇ ಹಂತ. 2015ರಲ್ಲಿ ಶುರುವಾದ ಓಟ. ಗೆದ್ದವರಿಗೆ 10,000 ಡಾಲರ್, ಎರಡನೆಯವರಿಗೆ ಊಟದ ಚಾಕುಗಳ ಒಂದು ಸೆಟ್.

ಪ್ರತಿ ದೋಣಿಯ ಜಾಗವನ್ನ ಚುಕ್ಕೆಯಾಗಿ ತೋರಿಸೋ ಓಟದ ಟ್ರ್ಯಾಕರ್ ಮ್ಯಾಪ್‌ನಲ್ಲಿ ನಾನು ನೋಡ್ತಿರೋದು 20 ಅಡಿಗಿಂತ ಚಿಕ್ಕದು, ಇಬ್ಬರೇ ಇರುವ ದೋಣಿ. ಗೊಂದಲ ಇಷ್ಟು:

ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ರಿವರ್ ಊರು ದಾಟಿದ ಮೇಲೆ ಚುಕ್ಕೆ ಆರು ಗಂಟೆ ನಿಂತಲ್ಲೇ ನಿಂತಿತು. ಅದಕ್ಕೂ ಮುಂಚೆ ಅರ್ಧ ಮೈಲಿ ದಕ್ಷಿಣಕ್ಕೆ, ಅಂದ್ರೆ ಹಿಂದಕ್ಕೆ ಹೋಗಿತ್ತು. ಆಮೇಲೆ ಮತ್ತೆ ನಾಲ್ಕು ಗಂಟೆ ಅಪ್‌ಡೇಟೇ ಇಲ್ಲ. ಎಐಎಸ್ (ಹಡಗುಗಳು ತಮ್ಮ ಹೆಸರು, ಜಾಗವನ್ನ ರೇಡಿಯೊದಲ್ಲಿ ತಾವೇ ತಿಳಿಸೋ ವ್ಯವಸ್ಥೆ) ಸೈಟ್‌ನಲ್ಲಿ ಹುಡುಕಿದ್ರೆ ದೋಣಿಯ ಹೆಸರೇ ಸಿಗ್ತಿಲ್ಲ. ಪಟ್ಟಿಯಲ್ಲಿ ಬೆಳಿಗ್ಗೆ 14ನೇ ಸ್ಥಾನ, ಸಂಜೆಗೆ 19. ಏನಾದ್ರೂ ಅನಾಹುತ ಆಗಿರಬಹುದಾ? ದಾರಿಯಲ್ಲಿ ಮುಂದೆ ಸಿಗೋ ಬೆಲ್ಲಾ ಬೆಲ್ಲಾ ಊರಿಗೆ ಯಾವಾಗ ಮುಟ್ಟಬಹುದು ಅಂತ ಲೆಕ್ಕ ಹಾಕೋಕೆ ದಾರಿ ಇದೆಯಾ?

ಆರ್‌ಎಫ್_ಮಂಜು

ಟ್ರ್ಯಾಕರ್ ವಿಷಯ ನಾನು ಹೇಳ್ತೇನೆ, ನೀರಿನ ವಿಷಯ ಬಲ್ಲವರು ಮುಂದೆ ಹೇಳಲಿ.

ಚುಕ್ಕೆ ಮೇಲೆ ಒತ್ತಿ ಕೊನೆಯ ವರದಿಯ ಸಮಯ ನೋಡಿ, ಉಳಿದದ್ದೆಲ್ಲ ಆಮೇಲೆ. ವರದಿ ನಾಲ್ಕು ಗಂಟೆ ಹಳೆಯದಾಗಿದ್ರೆ ದೋಣಿ ಆಗ ಎಲ್ಲಿತ್ತು ಅನ್ನೋದಷ್ಟೇ ನಿಮಗೆ ಗೊತ್ತು. ಹೊಸ ವರದಿಗಳು ಬರ್ತಾ ಇದ್ದು ಜಾಗ ಮಾತ್ರ ಬದಲಾಗಿಲ್ಲ ಅಂದ್ರೆ ಆಗ ದೋಣಿ ನಿಜಕ್ಕೂ ನಿಂತಿದೆ. ನಿಮ್ಮ ಆರು ಗಂಟೆಯದು ಎರಡನೇ ಬಗೆ, ನಾಲ್ಕು ಗಂಟೆಯದು ಮೊದಲನೇ ಬಗೆ. ಎರಡಕ್ಕೂ ಕಾರಣ ಬೇರೆ.

ಕೈಯಲ್ಲಿ ಹಿಡಿಯುವ ಸ್ಯಾಟಲೈಟ್ ಟ್ರ್ಯಾಕರ್‌ಗಳಲ್ಲಿ ಎರಡು ಕುಲ. ಸ್ಪಾಟ್ ಬಳಸುವುದು ಗ್ಲೋಬಲ್‌ಸ್ಟಾರ್ ಉಪಗ್ರಹಗಳನ್ನ. ಇವುಗಳ ಕಕ್ಷೆಯ ಓರೆ 52 ಡಿಗ್ರಿ, ಹಾಗಾಗಿ ನೀವು 52 ಡಿಗ್ರಿ ಅಕ್ಷಾಂಶ ದಾಟಿ ಉತ್ತರಕ್ಕೆ ಹೋದಷ್ಟೂ ಉಪಗ್ರಹಗಳೆಲ್ಲ ದಕ್ಷಿಣದ ಆಕಾಶಕ್ಕೆ ಸರಿಯುತ್ತವೆ. ದಕ್ಷಿಣ ದಡದಲ್ಲಿ ಎತ್ತರದ ಬೆಟ್ಟ ಇದ್ದು ದೋಣಿ ಅದರ ಬುಡದಲ್ಲಿ ಲಂಗರು ಹಾಕಿದ್ರೆ ಸಂದೇಶ ಹೋಗೋದೇ ಇಲ್ಲ. ಟ್ರ್ಯಾಕಿಂಗ್ ಸಂದೇಶ ತಲುಪಿತೋ ಇಲ್ಲವೋ ಅಂತ ಆ ಸಾಧನಕ್ಕೆ ತಿಳಿಯೋದೂ ಇಲ್ಲ. ತಪ್ಪಿಹೋದದ್ದು ಹೋಯಿತು, ಅಷ್ಟೇ. ಇನ್‌ರೀಚ್ ಬಳಸುವುದು ಇರಿಡಿಯಂ. ಅದರ 66 ಉಪಗ್ರಹಗಳು ಹೆಚ್ಚುಕಡಿಮೆ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಆಕಾಶ ಮುಚ್ಚಿದ್ದಾಗ ಜಾಗಗಳನ್ನ ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಕಳಿಸುತ್ತೆ. ಖಾಲಿ ಇದ್ದ ಗೆರೆ ಒಮ್ಮೆಲೇ ತುಂಬಿಕೊಂಡರೆ ಅದು ಈ ಕುಲದ್ದು ಅಂತ ತಿಳ್ಕೊಳ್ಳಿ.

ಸ್ಪಾಟ್‌ನ ಈಚಿನ ಮಾದರಿಗಳಲ್ಲಿ ಅಲುಗಾಟ ಗುರುತಿಸೋ ಸೆನ್ಸರ್ ಇದೆ. ಶಾಂತ ನೀರಲ್ಲಿ ಲಂಗರು ಹಾಕಿ ಮಲಗಿದ್ರೆ, ಇಲ್ಲವೇ ದೋಣಿ ಮರಳ ಮೇಲೆ ಎಳೆದಿಟ್ಟಿದ್ರೆ, ಬ್ಯಾಟರಿ ಉಳಿಸೋಕೆ ಅದು ಕಳಿಸೋದನ್ನೇ ನಿಲ್ಲಿಸುತ್ತೆ. ಹಳೆಯ ಮಾದರಿಯಲ್ಲಿ 24 ಗಂಟೆಗೊಮ್ಮೆ ಟ್ರ್ಯಾಕಿಂಗ್ ಬಟನ್ ಮತ್ತೆ ಒತ್ತಬೇಕು. ದಣಿದು ಮಲಗಿದವರು ಅದನ್ನ ಮರೆಯೋದು ಸಾಮಾನ್ಯ. ಇನ್ನೊಂದು ಕಾರಣ ತೀರಾ ಸಣ್ಣದು: ಸಾಧನ ಬೋರಲು ಬಿದ್ದಿರುತ್ತೆ, ಅಥವಾ ಅದರ ಮೇಲೆ ಒದ್ದೆ ಜಾಕೆಟ್ ಹಾಕಿರ್ತಾರೆ.

ಎಐಎಸ್ ಕಥೆ ಬೇರೆಯೇ. ಅದು ವಿಎಚ್‌ಎಫ್ ರೇಡಿಯೊ, 162 ಮೆಗಾಹರ್ಟ್ಸ್ ಆಸುಪಾಸು. ಸಣ್ಣ ದೋಣಿಗಳ ಕ್ಲಾಸ್ ಬಿ ಪೆಟ್ಟಿಗೆಯ ಶಕ್ತಿ ಸಾಮಾನ್ಯವಾಗಿ 2 ವ್ಯಾಟ್. ದಡದಲ್ಲಿರೋ ಆಂಟೆನಾಕ್ಕೆ ನೇರ ದೃಷ್ಟಿ ಸಿಗಬೇಕು. ಗಿಡ್ಡ ಕಂಬದ ಆಂಟೆನಾ, ಸುತ್ತ ಬೆಟ್ಟ, ಹತ್ತಿರ ಊರಿಲ್ಲ ಅಂದ್ರೆ ಯಾರೂ ಕೇಳಿಸಿಕೊಳ್ಳಲ್ಲ. ವೇಗ 2 ನಾಟ್‌ಗಿಂತ (ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಹೆಚ್ಚಿದ್ರೆ 30 ಸೆಕೆಂಡಿಗೊಮ್ಮೆ ಕಳಿಸುತ್ತೆ, ಕಡಿಮೆ ಇದ್ರೆ 3 ನಿಮಿಷಕ್ಕೊಮ್ಮೆ. ಅದೂ ಸದಾ ಕರೆಂಟ್ ತಿನ್ನೋ ಪೆಟ್ಟಿಗೆ, ಎಂಜಿನ್ ಇಲ್ಲದ ದೋಣಿಯಲ್ಲಿ ಇರೋದು ಸಣ್ಣ ಸೋಲಾರ್ ಪ್ಯಾನೆಲ್. ಹಗಲು ಹಡಗು ಕಾಣದ ಕಡೆ ಆಫ್ ಮಾಡಿಟ್ಟಿರಬಹುದು. ಇಷ್ಟು ಚಿಕ್ಕ ದೋಣಿಯಲ್ಲಿ ಎಐಎಸ್ ಕಳಿಸೋ ಪೆಟ್ಟಿಗೆಯೇ ಇಲ್ಲದಿರಲೂಬಹುದು. ಹಾಗಾಗಿ ಅಲ್ಲಿ ಹೆಸರು ಕಾಣದ್ದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಅಘನಾಶಿನಿ_ಉಬ್ಬರ

ತದಡಿಯವ್ರೇ, ಆರು ಗಂಟೆ ನಿಂತಿತು ಅಂದ್ರಲ್ಲ, ಆ ಅಂಕಿಯಲ್ಲೇ ಉತ್ತರ ಇದೆ. ಒಂದು ಉಬ್ಬರ ಹುಟ್ಟಿ ಮುಗಿಯೋಕೆ ಆರು ಗಂಟೆ ಮೇಲೆ ಸ್ವಲ್ಪ ಬೇಕು. ನಿಮ್ಮ ದೋಣಿ ಒಂದು ಇಡೀ ಉಬ್ಬರ ಕಾದು ಕೂತಿದೆ.

ಕ್ಯಾಂಪ್‌ಬೆಲ್ ರಿವರ್‌ನಿಂದ ಉತ್ತರಕ್ಕೆ ಸುಮಾರು 7 ನಾಟಿಕಲ್ ಮೈಲಿಗೆ ಸೀಮೋರ್ ನ್ಯಾರೋಸ್ ಅನ್ನೋ ಇಕ್ಕಟ್ಟು ಇದೆ. ದೊಡ್ಡ ಉಬ್ಬರದ ದಿನ ಅಲ್ಲಿ ಸೆಳೆತ 15 ನಾಟ್ ಮುಟ್ಟುತ್ತೆ. ಪೆಡಲ್ ತುಳಿದ್ರೆ ಇಂಥ ದೋಣಿಗೆ ಸಿಗೋದು 3 ನಾಟ್, ಒಳ್ಳೆ ಗಾಳಿಗೆ ಹಾಯಿಯಲ್ಲಿ 5 ರಿಂದ 6. ಎದುರು ಹೋಗೋ ಮಾತೇ ಇಲ್ಲ. ಇಲ್ಲಿ ಇನ್ನೊಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ: ವ್ಯಾಂಕೂವರ್ ದ್ವೀಪದ ಉತ್ತರ ತುದಿ ಸುತ್ತಿ ಬರೋ ಉಬ್ಬರ ಈ ಇಕ್ಕಟ್ಟಿನಲ್ಲಿ ದಕ್ಷಿಣಕ್ಕೆ ಹರಿಯುತ್ತೆ, ಇಳಿತ ಉತ್ತರಕ್ಕೆ. ದಕ್ಷಿಣದಿಂದ ಬರೋ ಉಬ್ಬರಕ್ಕೂ ಇದಕ್ಕೂ ಕ್ಯಾಂಪ್‌ಬೆಲ್ ರಿವರ್ ಎದುರಿನ ಕೇಪ್ ಮಜ್ ಭೂಶಿರದ ಹತ್ತಿರ ಭೇಟಿ. ಅಲ್ಲಿವರೆಗೆ ನೀರು ಏರುವಾಗ ಓಡಿದ ದೋಣಿಗಳು ಅಲ್ಲಿಂದಾಚೆ ನೀರು ಇಳಿಯುವಾಗ ಓಡಬೇಕು. ಅರ್ಧ ಮೈಲಿ ಹಿಂದಕ್ಕೆ ಹೋಗಿದ್ದು ಇದರಿಂದಲೇ ಇರಬೇಕು. ಗಾಳಿ ಬಿತ್ತು, ಉಬ್ಬರ ಶುರುವಾಯ್ತು, ದಡ ಮುಟ್ಟಿ ಲಂಗರು ಹಾಕೋದ್ರೊಳಗೆ ನೀರು ಎಳೆದುಕೊಂಡು ಹೋಯ್ತು.

ಸಾಮಾನ್ಯವಾಗಿ ಕಾಯೋ ಜಾಗ ಇಕ್ಕಟ್ಟಿನ ಬಾಯಲ್ಲೇ ಇರೋ ಮೆಂಜಿಸ್ ಬೇ. ಕ್ಯಾಂಪ್‌ಬೆಲ್ ರಿವರ್‌ನಲ್ಲೇ ಕಾದ್ರೆ 3 ನಾಟ್ ದೋಣಿಗೆ ಬಾಯಿ ಮುಟ್ಟೋಕೇ ಎರಡೂವರೆ ಗಂಟೆ ಬೇಕು, ಅದೂ ಮುಗಿಯುತ್ತಿರೋ ಉಬ್ಬರದ ಎದುರು. ನೀರು ನಿಲ್ಲೋ ಹೊತ್ತು ಕೆಲವೇ ನಿಮಿಷ. ಆ ಹೊತ್ತಿಗೆ ಸರಿಯಾಗಿ ಬಾಯಲ್ಲಿರಬೇಕು, ಹಿಂದೆಯೇ ಇಳಿತ ತಳ್ಳಿಕೊಂಡು ಹೋಗುತ್ತೆ. ಇಳಿತ ಜೋರಾದ ಮೇಲೆ ನುಗ್ಗಿದ್ರೆ ಸುಳಿಗೆ ಸಿಕ್ಕಿ ಚುಕ್ಕಾಣಿ ಕೇಳೋದಿಲ್ಲ. ಇಕ್ಕಟ್ಟಿನ ನಡುವೆ ಇದ್ದ ರಿಪಲ್ ರಾಕ್ ಅನ್ನೋ ಬಂಡೆಯನ್ನ 1958ರ ಏಪ್ರಿಲ್ 5ರಂದು ಸಿಡಿಸಿದ್ರು. ಅದು ನೂರಕ್ಕೂ ಹೆಚ್ಚು ಜನರನ್ನ ನುಂಗಿದ ಬಂಡೆ. ಬಂಡೆ ಹೋದ್ರೂ ಸೆಳೆತ ಹಾಗೇ ಇದೆ.

ನೀವೇ ನೋಡಬೇಕಂದ್ರೆ ಕೆನಡಾ ಸರ್ಕಾರದ ಉಬ್ಬರವಿಳಿತದ ಸೈಟ್‌ನಲ್ಲಿ ಸೀಮೋರ್ ನ್ಯಾರೋಸ್ ಆರಿಸಿ. ನೀರಿನ ಎತ್ತರದ ಕೋಷ್ಟಕ ಬೇಡ, ಸೆಳೆತದ ಕೋಷ್ಟಕ ಬೇಕು, ಎರಡೂ ಒಂದೇ ಅಲ್ಲ. ಕೂಡು ಗುರುತು ಉಬ್ಬರಕ್ಕೆ, ಕಳೆ ಗುರುತು ಇಳಿತಕ್ಕೆ. ಮುದ್ರಿತ ಪುಸ್ತಕದಲ್ಲಿ ಚಳಿಗಾಲದ ಗಡಿಯಾರದ ಸಮಯ ಇರುತ್ತೆ, ಓಟ ನಡೆಯೋ ಜೂನ್‌ನಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಸೆಳೆತ ಹೆಚ್ಚು, ಅಷ್ಟಮಿ ಆಸುಪಾಸು ಕಡಿಮೆ. ಇದು ನಮ್ಮ ಕರಾವಳಿಯ ಲೆಕ್ಕವೇ, ಅಳತೆ ಮಾತ್ರ ಬೇರೆ. ಕಾರವಾರದಲ್ಲಿ ಏರಿಳಿತ 2 ಮೀಟರ್ ದಾಟೋದು ಅಪರೂಪ, ಕೆಚಿಕನ್‌ನಲ್ಲಿ ದೊಡ್ಡ ದಿನ 6 ಮೀಟರ್ ಇರುತ್ತೆ.

ಮುಂದೆ ಜಾನ್‌ಸ್ಟನ್ ಸ್ಟ್ರೇಟ್, 110 ಕಿ.ಮೀ. ಉದ್ದದ ಕಾಲುವೆ. ಅಲ್ಲಿ ನಿಮಗೆ ಇನ್ನೂ ವಿಚಿತ್ರ ಕಾಣುತ್ತೆ. ಒಳ್ಳೆ ಇಳಿತ ಇದ್ದಾಗಲೇ ಚುಕ್ಕೆ ಪೋರ್ಟ್ ನೆವಿಲ್‌ನಂಥ ಕಡೆ ಒಳಗೆ ಸೇರಿ ಕೂತಿರುತ್ತೆ. ಬಿಸಿಲಿದ್ದ ದಿನ ಮಧ್ಯಾಹ್ನದಿಂದ ವಾಯವ್ಯ ಗಾಳಿ 25, 30 ನಾಟ್ ಬೀಸುತ್ತೆ. ಇಳಿತ ಹರಿಯೋದು ಆ ಗಾಳಿಯ ಎದುರಿಗೆ. ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ ಆದಾಗ ಅಲೆಗಳು ಒತ್ತೊತ್ತಾಗಿ ಗೋಡೆಯಂತೆ ಏಳುತ್ತವೆ. 30 ಅಡಿ ದೋಣಿ ಹೊಡೆತ ತಿಂದುಕೊಂಡು ಹೋಗುತ್ತೆ, 18 ಅಡಿಯದು ಪ್ರತಿ ಅಲೆಗೂ ನಿಂತೇ ಬಿಡುತ್ತೆ, ಒಳಗೆ ನೀರು ತುಂಬುತ್ತೆ. ಹಾಗಾಗಿ ಚಿಕ್ಕ ದೋಣಿಯವರು ನಡುರಾತ್ರಿಯಿಂದ ಬೆಳಗಿನ ಹತ್ತು ಗಂಟೆವರೆಗೆ ಗಾಳಿ ತಗ್ಗಿದಾಗ ಓಡಿ, ಮಧ್ಯಾಹ್ನ ಮಲಗ್ತಾರೆ. ಹಗಲು ನಿಂತ ಚುಕ್ಕೆ ನೋಡಿ ಬೇಸರ ಪಡಬೇಡಿ, ಅವರು ಸರಿಯಾದ್ದನ್ನೇ ಮಾಡ್ತಿದ್ದಾರೆ.

ಬರ್ನಬಿ_ಭಟ್

ಮೇಲಿನ ಇಬ್ಬರೂ ಹೇಳಿದ್ದಕ್ಕೆ ಲೆಕ್ಕದ ಭಾಗ ಸೇರಿಸ್ತೇನೆ.

ಸಮಯ: ವಿಕ್ಟೋರಿಯಾ ಗಡಿಯಾರಕ್ಕೆ 12 ಗಂಟೆ 30 ನಿಮಿಷ ಕೂಡಿಸಿದ್ರೆ ಭಾರತದ ಸಮಯ. ಅಲ್ಲಿನ ಮಧ್ಯಾಹ್ನ 12 ನಮ್ಮಲ್ಲಿ ರಾತ್ರಿ 12:30, ತಾರೀಕು ಬದಲಾಗಿರುತ್ತೆ. ಅಲಾಸ್ಕಾ ಗಡಿ ದಾಟಿದ ಮೇಲೆ 13:30 ಕೂಡಿಸಿ.

ವೇಗ: ಟ್ರ್ಯಾಕರ್ ತೋರಿಸೋ ವೇಗ ಆ ಕ್ಷಣದ್ದು, ಅದನ್ನ ನಂಬಿ ಲೆಕ್ಕ ಹಾಕಬೇಡಿ. ಒಂದು ಗಂಟೆ ಅಂತರದ ಎರಡು ಜಾಗ ತಗೊಳ್ಳಿ. ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ 60ನೇ ಒಂದು ಭಾಗ) ಅಂದ್ರೆ ಒಂದು ನಾಟಿಕಲ್ ಮೈಲಿ. ರೇಖಾಂಶದ ಒಂದು ಮಿನಿಟು ಇಲ್ಲಿ 0.64 ಮಾತ್ರ, ಕೆಚಿಕನ್ ಹತ್ತಿರ 0.57. ಉದಾಹರಣೆಗೆ 50°28.0′ ಉ, 126°10.0′ ಪ ಇಂದ 50°29.5′ ಉ, 126°16.0′ ಪ. ಉತ್ತರಕ್ಕೆ 1.5, ಪಶ್ಚಿಮಕ್ಕೆ 6 × 0.64 = 3.8. ಎರಡರ ವರ್ಗ ಕೂಡಿಸಿ ಮೂಲ ತೆಗೆದ್ರೆ 4.1. ಅಂದ್ರೆ ನೆಲದ ಲೆಕ್ಕದಲ್ಲಿ 4.1 ನಾಟ್. ಇದರಲ್ಲಿ ಸೆಳೆತ ಎಷ್ಟು ಅಂತ ಕೋಷ್ಟಕದಿಂದ ಕಳೆದ್ರೆ ದೋಣಿಯ ಸ್ವಂತ ಓಟ ಸಿಗುತ್ತೆ. ಸೆಳೆತ 2 ಇದ್ರೆ ಅವರು ಓಡ್ತಿರೋದು ಸುಮಾರು 2 ನಾಟ್, ಅಂದ್ರೆ ಗಾಳಿ ಇಲ್ಲ, ಹುಟ್ಟು ಹಾಕ್ತಿದ್ದಾರೆ. ಗೆರೆ ಅಡ್ಡಾದಿಡ್ಡಿ ಅಂಕುಡೊಂಕಾಗಿದ್ರೆ ಎದುರು ಗಾಳಿಗೆ ಹಾಯಿ ತಿರುಗಿಸ್ತಾ ಹೋಗ್ತಿದ್ದಾರೆ, ನೇರವಾಗಿ ನಿಧಾನವಾಗಿದ್ರೆ ಪೆಡಲ್.

ಗಾಳಿ: ಬಣ್ಣದ ಗಾಳಿ ಮ್ಯಾಪ್‌ಗಳು ಇಂಥ ಇಕ್ಕಟ್ಟು ಕಾಲುವೆಗಳಲ್ಲಿ ತಪ್ಪುತ್ತವೆ, ಅವುಗಳ ಚೌಕ ಕಾಲುವೆಗಿಂತ ಅಗಲ. ಎನ್ವಿರಾನ್‌ಮೆಂಟ್ ಕೆನಡಾದ ಸಮುದ್ರ ಹವಾಮಾನ ಪುಟದಲ್ಲಿ ಅಳೆದ ಗಾಳಿ ನೋಡಿ. ಜಾನ್‌ಸ್ಟನ್ ಸ್ಟ್ರೇಟ್‌ಗೆ ಫ್ಯಾನಿ ಐಲೆಂಡ್ ಮತ್ತು ಚಾಥಮ್ ಪಾಯಿಂಟ್, ಮುಂದಕ್ಕೆ ಪೈನ್ ಐಲೆಂಡ್, ಎಗ್ ಐಲೆಂಡ್. ಚಾಥಮ್ ಪಾಯಿಂಟ್, ಪೈನ್, ಎಗ್ ದೀಪಸ್ತಂಭಗಳಲ್ಲಿ ಮನುಷ್ಯರಿದ್ದಾರೆ, ಅವರು ಕಣ್ಣಲ್ಲಿ ನೋಡಿ ಅಲೆಯ ಎತ್ತರ, ದೊಡ್ಡಲೆಯ ದಿಕ್ಕು ಎರಡನ್ನೂ ಬರೆಯುತ್ತಾರೆ. ಸಣ್ಣ ದೋಣಿಗೆ ಗಾಳಿಯ ಅಂಕಿಗಿಂತ ಇದು ಹೆಚ್ಚು ಉಪಯೋಗ. ತೆರೆದ ಸಮುದ್ರಕ್ಕೆ ವೆಸ್ಟ್ ಸೀ ಆಟರ್ ತೇಲುಗುಂಡು, ಸಂಖ್ಯೆ 46204.

ಬೆಲ್ಲಾ ಬೆಲ್ಲಾ ಲೆಕ್ಕದಲ್ಲಿ ಎಲ್ಲರೂ ಎಡವೋದು ಕೇಪ್ ಕಾಶನ್ ಭೂಶಿರದಲ್ಲಿ. ಅಲ್ಲಿವರೆಗೆ ವ್ಯಾಂಕೂವರ್ ದ್ವೀಪದ ಮರೆ, ಅಲ್ಲಿ ಪೆಸಿಫಿಕ್ ಅಲೆ ನೇರ ಬಡಿಯುತ್ತೆ. ಪಕ್ಕದ ಸ್ಲಿಂಗ್ಸ್‌ಬಿ ಚಾನೆಲ್‌ನಿಂದ ಇಳಿತದ ನೀರು ರಭಸವಾಗಿ ಹೊರಬಂದು ಪಶ್ಚಿಮದ ಅಲೆಗೆ ಡಿಕ್ಕಿ ಹೊಡೆದಾಗ ಆ ಬಾಯಿ ಕುದಿಯುತ್ತೆ. ಚಿಕ್ಕ ದೋಣಿಗಳು ಮೈಲ್ಸ್ ಇನ್‌ಲೆಟ್ ಅಥವಾ ಆಲಿಸನ್ ಹಾರ್ಬರ್‌ನಲ್ಲಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಕಾಯುತ್ತವೆ. ಮೈಲ್ಸ್ ಇನ್‌ಲೆಟ್‌ನಿಂದ ಆಚೆ ಫ್ಯೂರಿ ಕೋವ್‌ಗೆ 27, 28 ನಾಟಿಕಲ್ ಮೈಲಿ, 3.5 ನಾಟ್‌ಗೆ 8 ಗಂಟೆ. ಆ 8 ಗಂಟೆಯ ಕಿಂಡಿ ಸಿಗೋದು ಹೆಚ್ಚಾಗಿ ಬೆಳಗಿನ ಜಾವ. ಆದ್ದರಿಂದ ಒಂದು ತಾರೀಕು ಹೇಳಬೇಡಿ, "ಕಾಶನ್ ದಾಟಿದ ಮೇಲೆ ಒಂದೂವರೆ ಎರಡು ದಿನ" ಅಂತ ಇಟ್ಟುಕೊಳ್ಳಿ.

ತದಡಿ_ತೀರ

ಎಲ್ಲರಿಗೂ ಧನ್ಯವಾದ. ಚುಕ್ಕೆ ಮೇಲೆ ಒತ್ತಿ ನೋಡಿದೆ. ಆರು ಗಂಟೆ ನಿಂತಾಗ ಅರ್ಧರ್ಧ ಗಂಟೆಗೆ ವರದಿ ಬಂದಿದೆ, ಜಾಗ ಮೆಂಜಿಸ್ ಬೇ ಒಳಗೇ. ಕೋಷ್ಟಕದ ಪ್ರಕಾರ ನೀರು ನಿಂತ ಹೊತ್ತಿಗೆ ಕಾಲು ಗಂಟೆ ಮುಂಚೆ ಹೊರಟಿದ್ದಾರೆ! ಉಳಿದದ್ದು ಎರಡೇ: ಸ್ಥಾನ ಯಾಕೆ ಹಾಗೆ ಏರಿಳೀತು? ನಿಜವಾಗಿ ಗಾಬರಿ ಪಡಬೇಕಾದ್ದು ಯಾವಾಗ?

ಆರ್‌ಎಫ್_ಮಂಜು

ಪಟ್ಟಿ ಉಳಿದ ದೂರದ ಮೇಲೆ ಹಾಕಿದ್ದು. ಬೇರೆಯವರ ವರದಿ ಈಗಿನದು, ನಿಮ್ಮವರದ್ದು ನಾಲ್ಕು ಗಂಟೆ ಹಳೆಯದು ಅಂದ್ರೆ ಅವರೆಲ್ಲ ಮುಂದೆ ಹೋದಂತೆ ಕಾಣುತ್ತೆ. ಇನ್ನೊಂದು ಕಾರಣ, 2022ರಲ್ಲಿ ಸೀಮೋರ್ ನ್ಯಾರೋಸ್ ಕಡ್ಡಾಯ ಅನ್ನೋದನ್ನ ತೆಗೆದ ಮೇಲೆ ಕೆಲವು ದೊಡ್ಡ ದೋಣಿಗಳು ವ್ಯಾಂಕೂವರ್ ದ್ವೀಪದ ಹೊರಗಿನಿಂದ ಹೋಗತೊಡಗಿದವು. ಹೊರಗಿನವರನ್ನೂ ಒಳಗಿನವರನ್ನೂ ಬೆಲ್ಲಾ ಬೆಲ್ಲಾಕ್ಕಿಂತ ಮುಂಚೆ ಒಂದೇ ಪಟ್ಟಿಯಲ್ಲಿ ಹೋಲಿಸೋದು ಸರಿಯಲ್ಲ. ನಿಮ್ಮ ದೋಣಿಯನ್ನ ಅದೇ ಅಳತೆಯ ಎರಡು ಮೂರು ದೋಣಿಗಳ ಜೊತೆ ಇಟ್ಟು ನೋಡಿ. 2016ರಲ್ಲಿ ಮ್ಯಾಡ್ ಡಾಗ್ ತಂಡ ಎಂ32 ಅನ್ನೋ ಜೋಡಿ ಒಡಲಿನ ವೇಗದ ಹಾಯಿದೋಣಿಯಲ್ಲಿ (ಕ್ಯಾಟಮರಾನ್) 3 ದಿನ 20 ಗಂಟೆಗೆ ಮುಗಿಸಿತ್ತು. ಚಿಕ್ಕ ದೋಣಿಗೆ ಎರಡು ವಾರ ಆದ್ರೂ ಅದು ಒಳ್ಳೆ ಓಟವೇ.

ಬರ್ನಬಿ_ಭಟ್

ಗಾಬರಿಯ ವಿಷಯ: ಕೊನೆಯ ವರದಿ ತೆರೆದ ನೀರಿನಲ್ಲಿದ್ದು, ಆ ಹೊತ್ತಿಗೆ ಗಾಳಿ ಏರಿದ್ದು, ಆಮೇಲೆ ಬರೋ ವರದಿಗಳು ಗಾಳಿ ಬೀಸೋ ಕಡೆಗೆ ಒಂದೇ ಸಮ ಒಂದು ನಾಟ್ ಒಂದೂವರೆ ನಾಟ್‌ನಲ್ಲಿ ಸರೀತಿದ್ರೆ, ಅದು ಹಾಯಿ ಚುಕ್ಕಾಣಿ ಕೈಬಿಟ್ಟ ದೋಣಿಯ ನಡೆ. ಕಂಬ ಮುರಿದಿರಬಹುದು, ಮಗುಚಿರಬಹುದು. ಇಲ್ಲಿ ನೀರಿನ ಮಟ್ಟದಲ್ಲಿ ತೇಲೋ ಮರದ ದಿಮ್ಮಿಗಳು ಬಹಳ, ರಾತ್ರಿ ಚುಕ್ಕಾಣಿ ಮುರಿಯೋದು ಅವುಗಳಿಂದಲೇ. ಆಗಲೂ ನೇರ ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡೋ ಮುಂಚೆ ಓಟದ ಆಯೋಜಕರಿಗೆ ತಿಳಿಸಿ, ತಂಡದ ಫೋನ್ ನಂಬರು, ತುರ್ತು ಸಂಪರ್ಕ ಅವರ ಹತ್ತಿರ ಇರುತ್ತೆ. ದಡದ ಮರೆಯಲ್ಲಿ ಚುಕ್ಕೆ ಮೌನವಾದ್ರೆ ಒಂದು ಇಡೀ ದಿನ ಬಿಡಿ.

ತಂಡ ಪರಿಚಯದವರಾದ್ರೆ ಇನ್ನೊಂದು ಮಾತು. "ನಾಳೆ ಗಾಳಿ ಬರುತ್ತೆ, ಈಗಲೇ ಹೊರಡಿ" ಅಂತ ಸಂದೇಶ ಕಳಿಸಬೇಡಿ. ಈ ಓಟದಲ್ಲಿ ಎಲ್ಲರಿಗೂ ಸಿಗದ ಸಹಾಯವನ್ನ ಒಬ್ಬರು ಮಾತ್ರ ಪಡೆಯುವಂತಿಲ್ಲ. ರೇಡಿಯೊದ ಹವಾಮಾನ ಅವರಿಗೂ ಕೇಳುತ್ತೆ.

ಕೊನೆಗೆ ಕೆಚಿಕನ್‌ನಲ್ಲಿ ಥಾಮಸ್ ಬೇಸಿನ್‌ಗೆ ಬಂದು ಅಲ್ಲಿನ ಗಂಟೆ ಬಾರಿಸಿ ಓಟ ಮುಗಿಸ್ತಾರೆ. ಟ್ರ್ಯಾಕರ್ ಅರ್ಧ ಗಂಟೆಗೊಮ್ಮೆ ಕಳಿಸೋದಾದ್ರೆ ಮ್ಯಾಪ್‌ನಲ್ಲಿ ಚುಕ್ಕೆ ಬಂದರಿನ ಹೊರಗೇ ಇರುವಾಗಲೇ ಗಂಟೆ ಹೊಡೆದಿರಬಹುದು. ಹಾಗಾಗಿ ದಕ್ಷಿಣದಿಂದ ಹತ್ತು ಮೈಲಿ ಉಳಿದಾಗಲೇ ಆಯೋಜಕರ ಪುಟ ತೆರೆದಿಟ್ಟುಕೊಳ್ಳಿ.