ಹೊಂಡದ ಜಿಂಗಾ ಮೊಟ್ಟೆ ಹೊತ್ತಿದೆ, ಮರಿ ಮಾತ್ರ ಇಲ್ಲ. ಅನುಭವ ಇದ್ದವರು ಹೇಳ್ರಿ

ಶಹಾಪುರ ಕಡೆಯವನು ನಾನು. ಕೃಷಿ ಹೊಂಡದಲ್ಲಿ ಕಾಟ್ಲಾ ಮೀನಿನ ಜೊತೆ ಸಿಹಿನೀರಿನ ದೊಡ್ಡ ಸಿಗಡಿ ಬಿಟ್ಟಿದ್ದೇನೆ. ನಮ್ಮಲ್ಲಿ ಜಿಂಗಾ ಅಂತೀವಿ. ತೌಡು, ಶೇಂಗಾ ಹಿಂಡಿ ಬಿಟ್ಟು ಬೇರೇನೂ ಹಾಕಿಲ್ಲ. ಆರು ತಿಂಗಳಿಗೆ ಹೆಣ್ಣುಗಳು ಮೊಟ್ಟೆ ಹೊತ್ತಿವೆ, ಆದರೆ ಗೊಂಚಲು ಸಣ್ಣದು. ಮರಿ ಒಂದೂ ಕಾಣಲಿಲ್ಲ. ಮೇವು ಬದಲಿಸಲಾ?

ಸುರಪುರದಿಂದ:
ಅಣ್ಣಾ, ಮರಿ ಇಲ್ಲದ್ದಕ್ಕೆ ಹಿಂಡಿಯನ್ನು ಬೈಬೇಡಿ. ಜಿಂಗಾ ಬೆಳೆಯೋದು ಸಿಹಿನೀರಲ್ಲಿ, ಅದರ ಎಳೆಮರಿಗೆ ಮಾತ್ರ ಉಪ್ಪುನೀರೇ ಬೇಕು. ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರಬೇಕು. ಹೊಂಡದಲ್ಲಿ ಕೆಲವೇ ದಿನಕ್ಕೆ ಸಾಯುತ್ತವೆ. ನದಿಯಲ್ಲಾದರೆ ತಾಯಿ ಅಳಿವೆ ಕಡೆ ಇಳಿದು ಹೋಗುತ್ತದೆ. ನಿಮ್ಮ ಹೊಂಡದಿಂದ ಎಲ್ಲಿಗೆ ಹೋಗಬೇಕು ಪಾಪ! ಅಡುಗೆ ಉಪ್ಪು ಸುರಿದು ಆಗೋ ಕೆಲಸವೂ ಅಲ್ಲ, ಮರಿಯನ್ನು ಹ್ಯಾಚರಿಯಿಂದಲೇ, ಅಂದರೆ ಮೊಟ್ಟೆ ಒಡೆಸಿ ಮರಿ ಬೆಳೆಸುವ ಕೇಂದ್ರದಿಂದಲೇ ತರಬೇಕು.

ಗೊಂಚಲು ಸಣ್ಣದಾಗಿದ್ದಕ್ಕೆ ವಯಸ್ಸೂ ಕಾರಣ. ಮೊದಲ ಸಲದ ತಾಯಿಗೆ 5,000ದಿಂದ 20,000 ಮೊಟ್ಟೆ, ಚೆನ್ನಾಗಿ ಬಲಿತದ್ದಕ್ಕೆ 80,000ಕ್ಕೂ ಜಾಸ್ತಿ. ಆದರೂ ಮೇವಿನ ಮಾತು ಸುಳ್ಳಲ್ಲ. ಮೊಟ್ಟೆಗೆ ಹೋಗುವ ಕೊಬ್ಬು ತಾಯಿ ತಿಂದದ್ದರಿಂದಲೇ ಬರಬೇಕು, ಬರೀ ತೌಡಲ್ಲಿ ಅದು ಸಾಲದು. ನಾನು ಕೆರೆಯ ಬಸವನಹುಳ ಕುದಿಸಿ, ಚಿಪ್ಪು ತೆಗೆದು, ಸಣ್ಣಗೆ ಹೆಚ್ಚಿ ಸಂಜೆ ಹಾಕುತ್ತೇನೆ. ರಾತ್ರಿ ಮೇಯುವ ಪ್ರಾಣಿ ಅಲ್ವಾ. ಮುಂದಿನ ಸಲ ಗೊಂಚಲು ಕಣ್ಣಿಗೆ ಕಾಣುವಷ್ಟು ತುಂಬಿತ್ತು.

ಅಡಗಲು ಜಾಗವನ್ನೂ ಮಾಡಿ. ಹೆಣ್ಣು ಪೊರೆ ಬಿಟ್ಟ ಮೇಲೆಯೇ ಕೂಡುವುದು. ಆಗ ಮೈ ಮೆತ್ತಗಿರುತ್ತದೆ, ಗುಂಪು ಜಾಸ್ತಿಯಾದರೆ ಉಳಿದವು ಹರಿದು ತಿನ್ನುತ್ತವೆ. ನಾನು ತೊಗರಿ ಕಟ್ಟಿಗೆ ಹೊರೆ ಇಳಿಸಿ ಕೆಟ್ಟೆ, ನೀರು ನಾತ ಹಿಡಿಯಿತು. ಈಗ ಹಳೆ ಪೈಪ್ ತುಂಡು ಹಾಕಿದ್ದೇನೆ.

ಬೀದರಿನಿಂದ:
ನಮ್ಮಲ್ಲಿ ಡಿಸೆಂಬರ್, ಜನವರಿ ಪೂರ್ತಿ ಮೊಟ್ಟೆ ಬಂದ್. ನೀರು 28–30 ಡಿಗ್ರಿ ಇದ್ದರೇ ಇವಕ್ಕೆ ಮನಸ್ಸು.

ಕಲಬುರಗಿಯಿಂದ:
ಆಂಧ್ರದ ಕಡಲ ಸಿಗಡಿ ಹ್ಯಾಚರಿಯೊಂದನ್ನು ನೋಡಿ ಬಂದೆ. ತಾಯಿಗಳಿಗೆ ಸ್ಕ್ವಿಡ್, ಕಡಲ ಹುಳ ತಿನ್ನಿಸುತ್ತಾರೆ. ಬೇಗ ಮೊಟ್ಟೆಗೆ ಬರಲಿ ಅಂತ ಒಂದು ಕಣ್ಣಿನ ತೊಟ್ಟನ್ನೂ ಕತ್ತರಿಸುತ್ತಾರೆ, ಮೊಟ್ಟೆ ತಡೆಯುವ ಹಾರ್ಮೋನ್ ಅಲ್ಲೇ ಇರುತ್ತದಂತೆ. ನೋಡಲಿಕ್ಕಾಗಲಿಲ್ಲ. ನಮ್ಮ ಜಿಂಗಾಕ್ಕೆ ಅದರ ಗೊಡವೆ ಬೇಡ. ನಾಲ್ಕು ಹೆಣ್ಣಿಗೆ ಇಕ್ಕಳದಂಥ ನೀಲಿ ಕಾಲಿನ ಒಂದು ಗಂಡು ಇದ್ದರೆ ಸಾಕು.

ಕೇಳಿದವನು:
ನಿನ್ನೆ ಬಲೆ ಎಳೆದೆ. ಒಂದರ ಮೊಟ್ಟೆ ಕಿತ್ತಳೆ ಬಣ್ಣ ಹೋಗಿ ಬೂದಿ ಆಗಿದೆ, ಕೆಟ್ಟಿತೇ?

ಸುರಪುರದಿಂದ:
ಇಲ್ಲ ಅಣ್ಣಾ, ಎರಡು ಮೂರು ದಿನಕ್ಕೆ ಒಡೆಯುತ್ತವೆ. ನಿಮ್ಮ ಕಾಟ್ಲಾಕ್ಕೆ ಹಬ್ಬ.