ಸಿ. ಎಲೆಗಾನ್ಸ್ ಭ್ರೂಣದ ದೀರ್ಘಾವಧಿ ಚಿತ್ರಣ: ಕಾನ್‌ಫೋಕಲ್ ಸಾಕೇ, ಲೈಟ್ ಶೀಟ್ ಬೇಕೇ?

ಪ್ರಶ್ನೆ

ಸಿ. ಎಲೆಗಾನ್ಸ್ ಎಂಬ ದುಂಡುಹುಳುವಿನ ಭ್ರೂಣದಲ್ಲಿ ಜೀವಕೋಶಗಳು ಯಾವ ಕ್ರಮದಲ್ಲಿ, ಎಷ್ಟೆಷ್ಟು ಅಂತರದಲ್ಲಿ ವಿಭಜನೆಗೊಳ್ಳುತ್ತವೆ ಎಂಬುದನ್ನು ನಾವು ಅಧ್ಯಯನ ಮಾಡುತ್ತಿದ್ದೇವೆ. ಕೋಶಕೇಂದ್ರದ ಹಿಸ್ಟೋನ್ ಎಂಬ ಪ್ರೋಟೀನಿಗೆ ಜಿಎಫ್‌ಪಿ (ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಪ್ರೋಟೀನ್) ಜೋಡಿಸಿದ ತಳಿಯನ್ನು ಬಳಸಿ, ಲೇಸರ್ ಸ್ಕ್ಯಾನಿಂಗ್ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ 488 ನ್ಯಾನೊಮೀಟರ್ ಲೇಸರ್‌ನಿಂದ ನಿಮಿಷಕ್ಕೊಮ್ಮೆ 30 ಪದರಗಳ ಚಿತ್ರ ತೆಗೆಯುತ್ತೇವೆ. ಮೊದಲ ಕೆಲವು ವಿಭಜನೆಗಳು ಸರಿಯಾಗಿಯೇ ನಡೆಯುತ್ತವೆ. ಆಮೇಲೆ ವಿಭಜನೆಗಳ ನಡುವಿನ ಅಂತರ ಹಿಗ್ಗುತ್ತಾ ಹೋಗಿ, ಭ್ರೂಣವು ಮರಿಯಾಗದೆ ಅರ್ಧದಲ್ಲೇ ನಿಂತುಬಿಡುತ್ತದೆ. ಲೇಸರ್ ಶಕ್ತಿಯನ್ನು ತಗ್ಗಿಸಿದರೆ ಒಳಪದರಗಳ ಕೋಶಕೇಂದ್ರಗಳು ಹಿನ್ನೆಲೆಯಿಂದ ಬೇರ್ಪಟ್ಟು ಕಾಣುವುದೇ ಇಲ್ಲ. ಲೈಟ್ ಶೀಟ್ ಸೂಕ್ಷ್ಮದರ್ಶಕಕ್ಕೆ ಬದಲಾಯಿಸಿಕೊಳ್ಳಿ ಎಂದು ಹಲವರು ಹೇಳುತ್ತಿದ್ದಾರೆ. ಅದರಿಂದ ಬೆಳಕಿನ ಹೊರೆ ನಿಜವಾಗಿಯೂ ಗಣನೀಯವಾಗಿ ಇಳಿಯುತ್ತದೆಯೇ, ಅಥವಾ ಈಗಿರುವ ಉಪಕರಣದಲ್ಲೇ ಸರಿಪಡಿಸಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ 1

ಇಳಿಯುತ್ತದೆ. ಕಾನ್‌ಫೋಕಲ್‌ನಲ್ಲಿ ಪಿನ್‌ಹೋಲ್ ಎಂಬ ಸಣ್ಣ ರಂಧ್ರ ಇರುವುದು ಬೆಳಕು ಹಿಂದಿರುಗುವ ದಾರಿಯಲ್ಲಿ. ನಾಭಿಯ (ಫೋಕಸ್) ಆಚೀಚಿನ ಬೆಳಕನ್ನು ಅದು ತಡೆಯುತ್ತದೆ ನಿಜ, ಆದರೆ ಅಷ್ಟರಲ್ಲಿ ಲೇಸರ್ ಭ್ರೂಣದ ಇಡೀ ದಪ್ಪವನ್ನು ಹಾದುಹೋಗಿರುತ್ತದೆ. ಹಾಗಾಗಿ ನೀವು 30 ಪದರಗಳನ್ನು ತೆಗೆದಾಗ ಪ್ರತಿಯೊಂದು ಕೋಶಕೇಂದ್ರವೂ ಒಂದು ಬಾರಿ ಚಿತ್ರಕ್ಕಾಗಿ, ಉಳಿದ 29 ಬಾರಿ ನಿಷ್ಕಾರಣವಾಗಿ ಬೆಳಗಿಸಲ್ಪಡುತ್ತದೆ. ಲೈಟ್ ಶೀಟ್‌ನಲ್ಲಿ ಬೆಳಕಿನ ತೆಳು ಹಾಳೆ ಪಕ್ಕದಿಂದ ಬರುವುದರಿಂದ, ಯಾವ ಪದರವನ್ನು ನೋಡುತ್ತಿದ್ದೇವೆಯೋ ಹೆಚ್ಚುಕಡಿಮೆ ಅದಷ್ಟೇ ಬೆಳಗುತ್ತದೆ. ಸೀಡೆನ್‌ಟಾಪ್ಫ್ ಮತ್ತು ಝಿಗ್ಮೊಂಡಿ 20ನೇ ಶತಮಾನದ ಆರಂಭದಲ್ಲೇ ಪಕ್ಕದ ಬೆಳಕಿನಿಂದ ಅತಿಸೂಕ್ಷ್ಮ ಕಣಗಳನ್ನು ನೋಡಿದ್ದರು. ಜೀವಂತ ಭ್ರೂಣಗಳಿಗೆ ಈ ವಿಧಾನ ವ್ಯಾಪಕವಾಗಿ ಒದಗಿಬಂದದ್ದು 2004ರಲ್ಲಿ ಹ್ಯೂಸ್ಕೆನ್ ಮತ್ತು ಸಂಗಡಿಗರ ಕೆಲಸದ ನಂತರ.

ಇನ್ನೊಂದು ವ್ಯತ್ಯಾಸವೂ ಇದೆ. ಸ್ಕ್ಯಾನಿಂಗ್ ಕಾನ್‌ಫೋಕಲ್ ಒಂದೊಂದು ಬಿಂದುವಿನ ಮೇಲೆ ಮೈಕ್ರೊಸೆಕೆಂಡಿನಷ್ಟೇ ನಿಲ್ಲುವುದರಿಂದ, ಸಾಕಷ್ಟು ಸಂಕೇತ ಪಡೆಯಲು ಆ ಕ್ಷಣದಲ್ಲಿ ಬಹಳ ತೀವ್ರವಾದ ಬೆಳಕನ್ನು ಸುರಿಯಬೇಕಾಗುತ್ತದೆ. ಲೈಟ್ ಶೀಟ್‌ನಲ್ಲಿ ಇಡೀ ಪದರವನ್ನು ಕ್ಯಾಮೆರಾ ಒಮ್ಮೆಗೇ ಹಿಡಿಯುತ್ತದೆ, ಬೆಳಕು ಮಂದವಾಗಿದ್ದರೂ ನಡೆಯುತ್ತದೆ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದರಿಂದ ನೇರವಾಗಿ ಲೈಟ್ ಶೀಟ್ ಕೊಳ್ಳುವ ತೀರ್ಮಾನಕ್ಕೆ ಜಿಗಿಯುವುದನ್ನು ಒಪ್ಪಲಾರೆ. ನಿಮ್ಮ ಭ್ರೂಣದ ಉದ್ದ ಸುಮಾರು 50 ಮೈಕ್ರೊಮೀಟರ್, ಅಗಲ ಸುಮಾರು 30. ಹಾಳೆ ಎಲ್ಲ ಕಡೆಯೂ ಒಂದೇ ದಪ್ಪ ಇರುವುದಿಲ್ಲ. ನಡುವಿನಲ್ಲಿ ತೆಳುವಾಗಿದ್ದು ಎರಡೂ ತುದಿಗಳಿಗೆ ಹರಡಿಕೊಳ್ಳುತ್ತದೆ. 488 ನ್ಯಾನೊಮೀಟರ್ ಬೆಳಕಿನ ಹಾಳೆಯ ನಡುದಪ್ಪವನ್ನು ನೀರಿನಲ್ಲಿ 4 ಮೈಕ್ರೊಮೀಟರಿಗೆ ಹೊಂದಿಸಿದರೆ ಬಳಸಬಹುದಾದ ಉದ್ದ ಸುಮಾರು 70 ಮೈಕ್ರೊಮೀಟರ್ ಸಿಗುತ್ತದೆ. ಅದನ್ನು 2 ಮೈಕ್ರೊಮೀಟರಿಗೆ ತೆಳುಗೊಳಿಸಿದರೆ ಉದ್ದವೂ ಅರ್ಧವಾಗುತ್ತದೆ ಎಂದು ಎಣಿಸಬೇಡಿ, ಕಾಲು ಭಾಗಕ್ಕೆ, ಅಂದರೆ ಸುಮಾರು 17ಕ್ಕೆ ಇಳಿಯುತ್ತದೆ. ಇಡೀ ಭ್ರೂಣವನ್ನು ಒಂದೇ ಹಾಳೆಯಲ್ಲಿ ಹಿಡಿಯಬೇಕೆಂದರೆ ಆಳದ ದಿಕ್ಕಿನ ಸ್ಪಷ್ಟತೆಯಲ್ಲಿ ನಿಮ್ಮ ಕಾನ್‌ಫೋಕಲ್‌ಗಿಂತ ಹಿಂದೆ ಬೀಳುವ ಸಾಧ್ಯತೆಯೇ ಹೆಚ್ಚು. ಎರಡು ದಿಕ್ಕಿನಿಂದ ನೋಡಿ ಚಿತ್ರಗಳನ್ನು ಬೆಸೆಯುವ ಉಪಕರಣಗಳು ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತವೆ. ಆದರೆ ಬೆಸೆಯುವ ಕೆಲಸವೇ ಒಂದು ಪ್ರತ್ಯೇಕ ಯೋಜನೆಯಾಗಿ ಬೆಳೆಯುತ್ತದೆ.

ವಿಭಜನೆಗಳ ಸಮಯವಷ್ಟೇ ಬೇಕಿದ್ದರೆ ಸ್ಪಿನ್ನಿಂಗ್ ಡಿಸ್ಕ್ ಕಾನ್‌ಫೋಕಲ್ ಸಾಕೆಂದು ನನ್ನ ಅಭಿಪ್ರಾಯ. ತಿರುಗುವ ತಟ್ಟೆಯ ಅನೇಕ ರಂಧ್ರಗಳ ಮೂಲಕ ಬೆಳಕು ಏಕಕಾಲಕ್ಕೆ ಹರಡಿ ಬೀಳುವುದರಿಂದ ಯಾವ ಬಿಂದುವಿನ ಮೇಲೂ ವಿಪರೀತ ತೀವ್ರತೆ ಇರುವುದಿಲ್ಲ. ದಪ್ಪನೆಯ ಮಾದರಿಗಳಲ್ಲಿ ಒಂದು ರಂಧ್ರದ ಬೆಳಕು ಇನ್ನೊಂದಕ್ಕೆ ಸೋರುವುದು ಇದರ ದೌರ್ಬಲ್ಯ, ಆದರೆ 30 ಮೈಕ್ರೊಮೀಟರಿನಲ್ಲಿ ಅದು ಕಾಡುವಷ್ಟಿರುವುದಿಲ್ಲ. ಜೀಬ್ರಾ ಮೀನಿನ ಭ್ರೂಣವಾಗಿದ್ದರೆ, ಅದು 0.7 ಮಿಲಿಮೀಟರಿನಷ್ಟಿರುವುದರಿಂದ, ನಾನೇ ಲೈಟ್ ಶೀಟ್ ಎನ್ನುತ್ತಿದ್ದೆ.

ಅಂದಹಾಗೆ, ಸಲ್ಸ್ಟನ್ ಮತ್ತು ಸಂಗಡಿಗರು ಈ ಹುಳುವಿನ ಭ್ರೂಣದ ಪೂರ್ಣ ಕೋಶವಂಶಾವಳಿಯನ್ನು 1983ರಲ್ಲಿ ಪ್ರಕಟಿಸಿದ್ದು ಪ್ರತಿದೀಪ್ತಿಯ (ಫ್ಲೋರೊಸೆನ್ಸ್) ನೆರವೇ ಇಲ್ಲದೆ, ಪಾರದರ್ಶಕ ಕೋಶಗಳನ್ನು ಸಾಮಾನ್ಯ ಬೆಳಕಿನಲ್ಲೇ ಸ್ಪಷ್ಟವಾಗಿ ತೋರಿಸುವ ನೊಮಾರ್ಸ್ಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂತು. ಜಿಎಫ್‌ಪಿಯನ್ನು ಇದೇ ಹುಳುವಿನಲ್ಲಿ ಚಾಲ್ಫಿ ಮತ್ತು ಸಂಗಡಿಗರು ಬೆಳಗಿಸಿದ್ದು 1994ರಲ್ಲಿ. ಒಂದೆರಡು ಕೋಶಗಳ ವಿಭಜನೆಯಷ್ಟೇ ಸಾಕಿದ್ದರೆ ಲೇಸರ್ ಆರಿಸಿ, ಸಾಮಾನ್ಯ ಬೆಳಕಿನಲ್ಲೇ ನೋಡುವುದನ್ನು ಯಾರೂ ತಡೆದಿಲ್ಲ.

ಉತ್ತರ 3

ಯಂತ್ರ ಯಾವುದೆಂದು ಚರ್ಚಿಸುವ ಮೊದಲು, ಭ್ರೂಣ ನಿಲ್ಲುತ್ತಿರುವುದು ಬೆಳಕಿನಿಂದಲೇ ಎಂಬುದಕ್ಕೆ ಪುರಾವೆ ಎಲ್ಲಿದೆ? ಅದೇ ಗಾಜಿನ ಪಟ್ಟಿಯ ಮೇಲೆ, ಅದೇ ಅಗರೋಸ್ (ಒಂದು ಬಗೆಯ ಜೆಲ್) ಹಾಸಿನಲ್ಲಿ, ಲೇಸರ್ ತಾಗದ ಕೆಲವು ಭ್ರೂಣಗಳನ್ನು ಪಕ್ಕದಲ್ಲೇ ಇಟ್ಟು, ಅವು ಮರಿಯಾಗುತ್ತವೆಯೇ ನೋಡಿ. ಅವೂ ನಿಂತರೆ ತಪ್ಪು ಬೆಳಕಿನದಲ್ಲ. ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್‌ನ, ಒತ್ತಡ ಹೆಚ್ಚಾಗಿರಬಹುದು, ಅಂಚುಗಳನ್ನು ಪೂರ್ಣ ಮುಚ್ಚಿ ಆಮ್ಲಜನಕ ಕಡಿಮೆಯಾಗಿರಬಹುದು, ಹಾಸು ಒಣಗಿರಬಹುದು. ಒತ್ತಡದ ಸಮಸ್ಯೆಗೆ 20 ಮೈಕ್ರೊಮೀಟರ್ ವ್ಯಾಸದ ಪಾಲಿಸ್ಟೈರೀನ್ ಮಣಿಗಳನ್ನು ಮಾಧ್ಯಮದಲ್ಲಿ ಬೆರೆಸುವ ರೂಢಿಯಿದೆ. ಗಾಜು ಮಣಿಗಳ ಮೇಲೆ ನಿಲ್ಲುವುದರಿಂದ ಎಲ್ಲ ಭ್ರೂಣಗಳೂ ಒಂದೇ ಪ್ರಮಾಣದಲ್ಲಿ, ಹದವಾಗಿ ಅದುಮಿರುತ್ತವೆ.

ತಾಪಮಾನವನ್ನೂ ಅಳೆಯಿರಿ, ಕೋಣೆಯದ್ದನ್ನಲ್ಲ, ಮಾದರಿಯ ಬಳಿಯದ್ದನ್ನು. ಎಣ್ಣೆಯ ಆಬ್ಜೆಕ್ಟಿವ್ (ಮಾದರಿಯ ಬದಿಯ ಮಸೂರ) ನಡುವಿನ ಎಣ್ಣೆಯ ಮೂಲಕ ಕವರ್‌ಸ್ಲಿಪ್‌ಗೆ ತಾಗಿರುವುದರಿಂದ ಅದರ ಬಿಸಿ ನೇರವಾಗಿ ಭ್ರೂಣಕ್ಕೆ ಇಳಿಯುತ್ತದೆ, ಮತ್ತು ಈ ಹುಳುವಿನ ವಿಭಜನೆಯ ವೇಗ ತಾಪಮಾನದೊಂದಿಗೇ ಏರಿಳಿಯುತ್ತದೆ. ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೂ ನಿಮ್ಮ ಅಂಕಿಅಂಶಗಳನ್ನು 20 ಡಿಗ್ರಿಯ ಪ್ರಕಟಿತ ಅಂಕಿಅಂಶಗಳೊಂದಿಗೆ ಹೋಲಿಸುವಂತಿಲ್ಲ.

ಒಳಪದರಗಳು ಮಂಕಾಗುವುದರ ಬಗ್ಗೆ: ಎಣ್ಣೆಯ ವಕ್ರೀಭವನ ಸೂಚ್ಯಂಕ 1.515, ನೀರಿನದು 1.33. ಈ ಅಂತರದಿಂದಾಗಿ ಆಳಕ್ಕೆ ಹೋದಂತೆ ನಾಭಿ ಹರಡುತ್ತದೆ, ಸಂಕೇತ ಕುಗ್ಗುತ್ತದೆ, ಅದನ್ನು ಸರಿದೂಗಿಸಲು ಲೇಸರ್ ಏರಿಸುತ್ತೇವೆ. ನೀರಿನ ಅಥವಾ 1.40 ಸೂಚ್ಯಂಕದ ಸಿಲಿಕೋನ್ ಎಣ್ಣೆಯ ಆಬ್ಜೆಕ್ಟಿವ್ ಹಾಕಿದರೆ ಅದೇ ಲೇಸರ್ ಶಕ್ತಿಯಲ್ಲಿ ಒಳಗಿನ ಕೋಶಕೇಂದ್ರಗಳು ತಿಳಿಯಾಗಿ ಕಾಣುತ್ತವೆ. ಸಾಧ್ಯವಾದರೆ ಎಂಚೆರ್ರಿಯಂತಹ ಕೆಂಪು ಪ್ರೋಟೀನ್ ಇರುವ ತಳಿಗೆ ಬದಲಾಯಿಸಿ, ಏಕೆಂದರೆ ನೀಲಿ ಬೆಳಕಿಗಿಂತ ಹಳದಿ-ಹಸಿರು ಬೆಳಕು ಕೋಶಗಳಿಗೆ ಕಡಿಮೆ ಹಾನಿ ಮಾಡುತ್ತದೆ. ಮರಿಯಾದ ಹುಳುವಂತೂ ನೀಲಿ ಬೆಳಕು ಬಿದ್ದರೆ ದೂರ ಸರಿಯುತ್ತದೆ.

ಪ್ರಶ್ನೆ ಕೇಳಿದವರು

ಲೇಸರ್ ತಾಗದ ಭ್ರೂಣಗಳು ಅದೇ ಪಟ್ಟಿಯಲ್ಲಿ ಮರಿಯಾಗುತ್ತಿವೆ, ಆದ್ದರಿಂದ ಕಾರಣ ಬೆಳಕೇ ಎಂದು ತೋರುತ್ತದೆ. ನಮ್ಮದು ಎಣ್ಣೆಯ ಆಬ್ಜೆಕ್ಟಿವ್. ಒಂದು ವಿಷಯವನ್ನು ಮೊದಲೇ ಹೇಳಬೇಕಿತ್ತು: ವಿಭಜನೆಗಳು ಮುಗಿದ ಮೇಲೆ ನರಕೋಶಗಳು ಎಲ್ಲಿಂದ ಎಲ್ಲಿಗೆ ಸರಿಯುತ್ತವೆ ಎಂಬುದನ್ನೂ ಮುಂದೆ ನೋಡುವ ಉದ್ದೇಶವಿದೆ.

ಉತ್ತರ 2 ಬರೆದವರು

ಹಾಗಿದ್ದರೆ ಲೆಕ್ಕ ಬದಲಾಗುತ್ತದೆ. ಭ್ರೂಣ ಉದ್ದಕ್ಕೆ ಬೆಳೆದು ಮಡಚಿಕೊಳ್ಳುವ ಹಂತದಲ್ಲಿ ಸ್ನಾಯುಗಳು ಮಿಡಿಯಲು ತೊಡಗುತ್ತವೆ, ಅಲ್ಲಿಂದ ಮುಂದೆ ಅದು ಚಿಪ್ಪಿನೊಳಗೇ ಹೊರಳಾಡುತ್ತಿರುತ್ತದೆ. ಮೊದಲ ಪದರದಿಂದ ಕೊನೆಯ ಪದರಕ್ಕೆ ಹೋಗುವಷ್ಟರಲ್ಲಿ ಭ್ರೂಣ ಜಾಗ ಬದಲಿಸಿದ್ದರೆ ಆ ಚಿತ್ರದಿಂದ ಏನೂ ಪ್ರಯೋಜನವಿಲ್ಲ. ಇಡೀ ಗಾತ್ರವನ್ನು ಸೆಕೆಂಡಿನೊಳಗೆ, ಕಡಿಮೆ ಬೆಳಕಿನಲ್ಲಿ, ಗಂಟೆಗಟ್ಟಲೆ ಹಿಡಿಯಲು ಎರಡು ದಿಕ್ಕಿನ ಲೈಟ್ ಶೀಟ್‌ಗಿಂತ ಉತ್ತಮವಾದುದನ್ನು ನಾನು ಕಾಣೆ. ಮೊದಲ ಭಾಗಕ್ಕೆ ಆಬ್ಜೆಕ್ಟಿವ್ ಬದಲಿಸಿ ಈಗಿನ ಯಂತ್ರದಲ್ಲೇ ಮುಂದುವರಿಯಿರಿ; ಎರಡನೆಯ ಭಾಗಕ್ಕೆ ಲೈಟ್ ಶೀಟ್ ಇರುವ ಪ್ರಯೋಗಾಲಯವೊಂದರಲ್ಲಿ ಸಮಯ ಕೇಳಿ.

ಉತ್ತರ 4

ಅಲ್ಲಿಗೆ ಹೋಗುವ ಮುನ್ನ ಸಂಗ್ರಹದ ಲೆಕ್ಕ ಹಾಕಿಕೊಳ್ಳಿ. 2048×2048 ಪಿಕ್ಸೆಲ್‌ನ 16 ಬಿಟ್ ಚಿತ್ರವೊಂದು ಸುಮಾರು 8 ಮೆಗಾಬೈಟ್. 100 ಪದರ, ನಿಮಿಷಕ್ಕೊಮ್ಮೆ, 10 ಗಂಟೆ ಎಂದರೆ ಒಂದೇ ಬಣ್ಣಕ್ಕೆ 500 ಗಿಗಾಬೈಟ್ ದಾಟುತ್ತದೆ. ನಿಮ್ಮ ಭ್ರೂಣ ಆ ಚೌಕಟ್ಟಿನ ಒಂದು ಮೂಲೆಯಲ್ಲಿರುತ್ತದೆ, ಉಳಿದದ್ದೆಲ್ಲ ಕತ್ತಲೆ. ಕ್ಯಾಮೆರಾದಲ್ಲೇ 400×300 ಪಿಕ್ಸೆಲ್‌ಗೆ ಕತ್ತರಿಸಿ, 1 ಮೈಕ್ರೊಮೀಟರ್ ಅಂತರದಲ್ಲಿ 30 ಪದರ ತೆಗೆದರೆ ಅದೇ 10 ಗಂಟೆಯ ದತ್ತಾಂಶ 5 ಗಿಗಾಬೈಟ್‌ನೊಳಗೆ ಮುಗಿಯುತ್ತದೆ, ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದಲ್ಲಿ ಸಾಧಾರಣ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಭ್ರೂಣ ಹೊರಳಿದಾಗ ಅಂಚಿಗೆ ತಾಗದಂತೆ ಸುತ್ತಲೂ ಸ್ವಲ್ಪ ಜಾಗವನ್ನು ಮಾತ್ರ ಬಿಟ್ಟುಕೊಳ್ಳಿ.