ತುರ್ತು: ‘ಡ್ರೇಶ್ಟ್ರೋಮ್’ಗೆ ಕನ್ನಡದಲ್ಲಿ ಏನು ಹಾಕಲಿ?

ಜರ್ಮನಿಯ ವಿದ್ಯುತ್ ಕಂಪನಿ ಎಇಜಿಯ ಇತಿಹಾಸದ ಫಲಕವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 1891ರಲ್ಲಿ ನೆಕರ್ ನದಿದಂಡೆಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಎಇಜಿ 175 ಕಿ.ಮೀ. ದೂರ ಕರೆಂಟು ಹರಿಸಿದ ಸಂಗತಿ. ಅಲ್ಲಿ ಎಇಜಿಯ ಎಂಜಿನಿಯರ್ ಡೊಲಿವೊ-ಡೊಬ್ರೊವೊಲ್ಸ್ಕಿಯ ‘ಡ್ರೇಶ್ಟ್ರೋಮ್’ ಎಂಬ ಜರ್ಮನ್ ಪದ ಬರುತ್ತದೆ. ‘ತಿರುಗು ವಿದ್ಯುತ್’ ನಡೆಯುತ್ತದೆಯೇ? ಎರಡು ಪದಕ್ಕಿಂತ ಹೆಚ್ಚು ಜಾಗವಿಲ್ಲ.

ಮರು:
ನಡೆಯುವುದಿಲ್ಲ. ತಿರುಗುವುದು ಕಾಂತಕ್ಷೇತ್ರ, ವಿದ್ಯುತ್ತಲ್ಲ. ಮೋಟಾರಿನ ತಿರುಗದ ಭಾಗವಾದ ಸ್ಟೇಟರಿನಲ್ಲಿ 120 ಡಿಗ್ರಿ ಅಂತರಕ್ಕೆ ಮೂರು ಸುರುಳಿ. ಒಂದರ ಪ್ರವಾಹಕ್ಕಿಂತ ಮುಂದಿನದರದು ಆವರ್ತದ ಮೂರನೇ ಒಂದು ಭಾಗ ತಡ, ಅದರಿಂದಲೇ ಕ್ಷೇತ್ರ ತಿರುಗುತ್ತದೆ. ಹೀಗೆ ತಡವಾಗಿ ಹರಿಯುವ ಒಂದೊಂದು ಪ್ರವಾಹವೂ ಒಂದು ಫೇಸು. ಲಾಫೆನ್ ಜನರೇಟರಿಗೆ 32 ಧ್ರುವ, ನಿಮಿಷಕ್ಕೆ 150 ಸುತ್ತು, ಅಲ್ಲಿಗೆ 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಆವರ್ತ. ಆವರ್ತಕ್ಕೆ 25 ಮಿಲಿಸೆಕೆಂಡು, ಫೇಸಿಂದ ಫೇಸಿಗೆ 8.3. ಹೊರೆ ಸಮನಾಗಿದ್ದರೆ ಮೂರೂ ಪ್ರವಾಹ ಕೂಡಿದರೆ ಸೊನ್ನೆ, ವಾಪಸು ತಂತಿ ಬೇಕಿಲ್ಲ. ಅದಕ್ಕೇ 4 ಮಿ.ಮೀ. ದಪ್ಪದ ಮೂರು ತಾಮ್ರದ ತಂತಿಯಲ್ಲಿ ಕೆಲಸ ಮುಗಿಯಿತು. ‘ತ್ರೀ ಫೇಸ್’ ಅಂತ ಬರೆಯಿರಿ.

ಮರು:
ಅದು ಅನುವಾದವಲ್ಲ, ಲಿಪ್ಯಂತರ. ಜರ್ಮನ್ನರು ‘ಡ್ರೇಯೆನ್’ ಅಂದರೆ ತಿರುಗು, ‘ಶ್ಟ್ರೋಮ್’ ಅಂದರೆ ಹರಿವು, ಹೊಳೆಯ ಹರಿವಿಗೂ ಅದೇ ಮಾತು, ಎರಡನ್ನೂ ಮನೆಯೊಳಗಿಂದಲೇ ತೆಗೆದು ಬೆಸೆದರು. ನಮಗೆ ‘ಮೂರೆಳೆ ಮಿಂಚು’ ಇದೆ. ಸಂಸ್ಕೃತದ ‘ತ್ರಿ’ಯೂ ಬೇಡ, ಇಂಗ್ಲಿಷಿನ ‘ತ್ರೀ’ಯೂ ಬೇಡ.

ಮರು:
‘ಮೂರು ಹಂತದ ವಿದ್ಯುತ್’?

ಮರು:
ಹಂತ ಅಂದರೆ ಒಂದು ಮುಗಿದ ಮೇಲೆ ಇನ್ನೊಂದು, ಚುನಾವಣೆಗೆ ಸರಿ. ಇಲ್ಲಿ ಮೂರೂ ಒಟ್ಟಿಗೇ ಹರಿಯುತ್ತಿರುತ್ತವೆ. ‘ಪ್ರಾವಸ್ಥೆ’ಯನ್ನು ಯಾರಾದರೂ ತರುವ ಮುಂಚೆಯೇ ಹೇಳುತ್ತೇನೆ: ಅದು ಘನ, ದ್ರವ, ಅನಿಲಕ್ಕೂ ಬಳಕೆಯಲ್ಲಿದೆ, ಫಲಕ ಓದುವವರಿಗೆ ದಕ್ಕುವುದಿಲ್ಲ.

‘ಮೂರೆಳೆ’ ಇನ್ನೂ ತಪ್ಪು. ಎಳೆ ತಂತಿಯಾಯಿತು. ಟ್ರಾನ್ಸ್‌ಫಾರ್ಮರಿನಿಂದ ಊರೊಳಗೆ ಬರುವ ಲೈನಿನಲ್ಲಿ ನ್ಯೂಟ್ರಲ್ ಸೇರಿ ನಾಲ್ಕು ತಂತಿ, ಫೇಸು ಮೂರೇ. ಟ್ರಾನ್ಸ್‌ಫಾರ್ಮರಿನ ಒಂದು ಫ್ಯೂಸು ಹೋದರೆ ಕಂಬದ ಮೇಲೆ ತಂತಿ ನೆಟ್ಟಗೇ ಇರುತ್ತದೆ, ಫೇಸು ಇರುವುದಿಲ್ಲ. ಪಂಪ್‌ಸೆಟ್ ಮೋಟಾರು ಏಳದೆ ಗುಂಯ್‌ಗುಟ್ಟುತ್ತದೆ, ಕೂಡಲೇ ಆರಿಸದಿದ್ದರೆ ವೈಂಡಿಂಗ್ ಸುಡುತ್ತದೆ. ಎರಡು ಫೇಸು ಅದಲುಬದಲಾದರೆ ಉಲ್ಟಾ ತಿರುಗುತ್ತದೆ. ಇದನ್ನೆಲ್ಲ ನಮ್ಮ ರೈತರು ‘ಫೇಸು’ ಎಂಬ ಒಂದೇ ಪದದಲ್ಲಿ ತಪ್ಪಿಲ್ಲದೆ ಹೇಳುತ್ತಾರೆ. ‘ಉ’ಕಾರ ಹತ್ತಿ, ವಿಭಕ್ತಿ ಹತ್ತಿ ಕನ್ನಡವಾಗಿರುವ ಪದ ಅದು.

ಮನೆಯೊಳಗಿನ ಮಾತಿನ ಬಗ್ಗೆ: ಎಇಜಿಯ ಸ್ಥಾಪಕ ರಾಥೆನೌ 1883ರಲ್ಲಿ ಎಡಿಸನ್ ಹೆಸರಿಟ್ಟುಕೊಂಡೇ ಕಂಪನಿ ತೆರೆದರು. 1887ರಲ್ಲಿ ಹೆಸರನ್ನು ಎಇಜಿ ಎಂದು ಬದಲಿಸಿದಾಗಲೂ ‘ಎಲೆಕ್ಟ್ರಿಸಿಟೇಟ್’ ಉಳಿಯಿತು. ಅದರ ಬೇರು ಗ್ರೀಕಿನದು, ಜರ್ಮನ್ನರೂ ಎರವಲು ಪಡೆದವರೇ.

ಮರು:
ಒಂದು ಎರವಲಿಗೆ ಇನ್ನೊಂದು ಎರವಲು ಸಾಕ್ಷಿಯಾಗದು. ಕೃಷಿಯವರ ಬಾಯಲ್ಲಿದೆ ಅಂತ ಎಲ್ಲವನ್ನೂ ಒಪ್ಪಿದರೆ ಪದ ಕಟ್ಟುವ ಕಸುಬೇ ನಿಲ್ಲುತ್ತದೆ. ಎಳೆ ಬೇಡವಾದರೆ ‘ಮುಪ್ಪಾಳಿ ಮಿಂಚು’ ಮಾಡಿ. ಪಾಳಿಯಲ್ಲಿ ಸರದಿಯ ಅರ್ಥವೂ ಇದೆ.

ಮರು:
ಪಾಳಿಯೂ ಹಂತದ ಹಾಗೆಯೇ, ಒಬ್ಬ ಇಳಿದ ಮೇಲೆ ಇನ್ನೊಬ್ಬ. ಬೇಡ.

ಕೇಳಿದವರಿಗೆ: ‘ತ್ರೀ ಫೇಸ್’ ಹಾಕಿ ಕಳಿಸಿ. ಅದಕ್ಕಿಂತ ದೊಡ್ಡ ತಪ್ಪು ‘ಎಇಜಿ ಹರಿಸಿದ’ ಎಂಬುದು, ಅದನ್ನು ತಿದ್ದಿ. ಲಾಫೆನ್‌ನ ಜನರೇಟರು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಾರ್ಖಾನೆಯದು, ವಿನ್ಯಾಸ ಚಾರ್ಲ್ಸ್ ಬ್ರೌನ್ ಅವರದು. ಫ್ರಾಂಕ್‌ಫರ್ಟ್ ತುದಿಯಲ್ಲಿ ಕೃತಕ ಜಲಪಾತಕ್ಕೆ ನೀರೆತ್ತಿದ 100 ಅಶ್ವಶಕ್ತಿಯ ಮೋಟಾರು ಎಇಜಿಯದು. ‘ಎಇಜಿ ಮತ್ತು ಓರ್ಲಿಕಾನ್’ ಅಂತ ಇರಲಿ.